ಲಿವರ್ ಪ್ಯಾಕೇಜು: ಕಟ್ಟಿದ್ದು 7,199 ರೂಪಾಯಿ, ದಕ್ಕಿದ್ದು ಎಷ್ಟರದು?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ. ನಮ್ಮ ಊರಿನ ಒಂದು ತಪಾಸಣಾ ಕೇಂದ್ರದ ‘ಸಂಪೂರ್ಣ ಲಿವರ್ ಪ್ಯಾಕೇಜ್’ಗೆ 5,999 ರೂಪಾಯಿ, ಅದರ ಮೇಲೆ ‘ಮಹಿಳೆಯರ ಹಾರ್ಮೋನ್ ಸೇರ್ಪಡೆ’ಗೆ 1,200 ರೂಪಾಯಿ ಕಟ್ಟಿದೆ. ಒಟ್ಟು 7,199. ಇದರಲ್ಲಿ ನಿಜವಾಗಿ ಬೇಕಾದ ಕೆಲಸ ಮೂರು ಸಾವಿರ ರೂಪಾಯಿಯದೂ ಇರಲಿಲ್ಲ. ಆದರೆ ಬಿಲ್ಲಿನ ಕಟ್ಟಕಡೆಯ ಸಾಲಿನಲ್ಲಿ ‘ತಜ್ಞರ ಸಮಾಲೋಚನೆ – ಉಚಿತ’ ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದರಲ್ಲ, ಅದಕ್ಕೆ ಅಷ್ಟೂ ಹಣ ಕೊಟ್ಟಿದ್ದರೂ ನಾನು ಗೊಣಗುತ್ತಿರಲಿಲ್ಲ.

ಕೇಂದ್ರದ ಹೆಸರು ಬರೆಯುವುದಿಲ್ಲ. ಇಂಥ ಪ್ಯಾಕೇಜುಗಳು ಈಗ ದಾವಣಗೆರೆಯಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಫ್ಲೆಕ್ಸ್ ಹಾಕಿಕೊಂಡು ನಿಂತಿವೆ. ಫ್ಲೆಕ್ಸಿನ ಬಣ್ಣ ಬೇರೆಯಾದರೂ ಒಳಗಿನ ಪಟ್ಟಿ ಹೆಚ್ಚು ಕಡಿಮೆ ಒಂದೇ. ನಾನು ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದವಳು. ಬಿಲ್ಲು ಕೈಗೆ ಬಂದರೆ ಒಂದೊಂದು ಸಾಲಿಗೂ ‘ಇದು ಏಕೆ?’ ಎಂದು ಕೇಳುವ ಚಟ ಇನ್ನೂ ಹೋಗಿಲ್ಲ. ಆ ಚಟದಿಂದ ಹುಟ್ಟಿದ ವಿಮರ್ಶೆ ಇದು.

ಹೋದ ಕಾರಣ ಸರಳ. ಪಿತ್ತಕೋಶದಲ್ಲಿ ಕಲ್ಲು ಇರಬಹುದೆಂದು ಮಾಡಿಸಿದ ಹೊಟ್ಟೆಯ ಸ್ಕ್ಯಾನ್‌ನಲ್ಲಿ ಕಲ್ಲು ಸಿಗಲಿಲ್ಲ, ‘ಫ್ಯಾಟಿ ಲಿವರ್ ಗ್ರೇಡ್ 1’ ಸಿಕ್ಕಿತು. ಮನೆಯಲ್ಲಿ ಮೊದಲ ಪ್ರತಿಕ್ರಿಯೆ ನಗು. ಕುಡಿಯುವವರಿಗಲ್ಲವೇ ಲಿವರ್ ಕೆಡುವುದು? ಎರಡನೆಯ ಪ್ರತಿಕ್ರಿಯೆ, ‘ಎಣ್ಣೆ ಕಡಿಮೆ ಮಾಡು’. ನಾನು ಮದ್ಯ ಮುಟ್ಟಿದವಳಲ್ಲ, ಮಾಂಸ ತಿನ್ನುವವಳೂ ಅಲ್ಲ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂಬ ಲೆಕ್ಕ ನನ್ನ ಬಳಿ ಇದೆ, ಅದು ಈ ಇಪ್ಪತ್ತು ವರ್ಷದಲ್ಲಿ ಇಳಿದಿದೆಯೇ ಹೊರತು ಏರಿಲ್ಲ. ಹಾಗಾದರೆ ಲಿವರ್‌ಗೆ ಕೊಬ್ಬು ಬಂದದ್ದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಬೇಕಿತ್ತು. ಪ್ಯಾಕೇಜಿನ ಕರಪತ್ರದಲ್ಲಿ ‘ಹಾರ್ಮೋನ್ ತಜ್ಞರಿಂದ ವಿವರಣೆ’ ಎಂದಿತ್ತು. ಹೋದೆ.

ಮೊದಲು ಸಣ್ಣಪುಟ್ಟದ್ದು. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಏಳೂವರೆಗೆ ಬರಲು ಹೇಳಿದ್ದರು. ರಕ್ತ ತೆಗೆದದ್ದು ಎಂಟಕ್ಕೆ. ಸ್ಕ್ಯಾನ್ ಮಾಡುವ ಹುಡುಗ ಬಂದದ್ದು ಹತ್ತು ದಾಟಿದ ಮೇಲೆ. ಅಷ್ಟು ಹೊತ್ತು ಹಸಿದು ಕುಳಿತವರಲ್ಲಿ ಶುಗರ್ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯೊಬ್ಬರಿದ್ದರು. ಇದು ಸಣ್ಣ ವಿಷಯವಲ್ಲ. ರಕ್ತ ತೆಗೆಯುವ ಹುಡುಗಿಯ ಕೈ ಮಾತ್ರ ಹದವಾಗಿತ್ತು, ಒಂದೇ ಚುಚ್ಚು, ಬಾವು ಬರಲಿಲ್ಲ. ಶೌಚಾಲಯ ಶುಚಿಯಾಗಿತ್ತು. ಇನ್ನು ಟಿವಿಯ ಧ್ವನಿ. ಅದನ್ನು ತಗ್ಗಿಸುವ ಅಧಿಕಾರ ಅಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಈಗ ಬಿಲ್ಲಿಗೆ ಬರೋಣ.

ಪ್ಯಾಕೇಜಿನ ಹೀರೋ ಫೈಬ್ರೋಸ್ಕ್ಯಾನ್. ಪಕ್ಕೆಲುಬುಗಳ ನಡುವೆ ಒಂದು ಉಪಕರಣ ಇಟ್ಟು ಹಗುರವಾಗಿ ತಟ್ಟುತ್ತದೆ, ಆ ಅಲೆ ಲಿವರ್‌ನೊಳಗೆ ಎಷ್ಟು ವೇಗದಲ್ಲಿ ಹೋಗುತ್ತದೆ ಎಂಬುದರಿಂದ ಅದು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತದೆ. ಜೊತೆಗೆ ಕೊಬ್ಬಿನ ಅಂದಾಜನ್ನೂ ಕೊಡುತ್ತದೆ. ನೋವಿಲ್ಲ, ಹತ್ತು ನಿಮಿಷವೂ ಬೇಡ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು, ಸರಿಯಾದ ಹತ್ತು ಅಳತೆ ಬರಬೇಕು. ಹುಡುಗ ಹತ್ತನ್ನೂ ಎಣಿಸಿ ತೆಗೆದ, ಮಧ್ಯೆ ಫೋನ್ ಬಂದಾಗ ಎತ್ತಲಿಲ್ಲ. ಅವನಿಗೆ ಪೂರ್ಣ ಅಂಕ.

ಅಂಕ ಕಳೆಯಬೇಕಾದದ್ದು ವರದಿ ಬರೆದವರಿಗೆ. ನನ್ನ ಕೊಬ್ಬಿನ ಅಳತೆ 291, ಗಟ್ಟಿತನ 5.6 ಕಿಲೋಪಾಸ್ಕಲ್. ಬಣ್ಣದ ಫೈಲಿನಲ್ಲಿ 291ರ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ‘ಎಸ್-3, ತೀವ್ರ’ ಎಂಬ ದಪ್ಪ ಅಕ್ಷರ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗ್ರೇಡ್ 1 ಆಗಿದ್ದದ್ದು ಇಲ್ಲಿ ಮೂರಕ್ಕೆ ಏರಿತೇ ಎಂದು ಎದೆ ಧಸಕ್ಕೆಂದಿತು. 5.6 ಎಂಬ ಅಂಕಿ ಮಾತ್ರ ಕೆಳಗೆ ಬೂದು ಬಣ್ಣದಲ್ಲಿ ಮುದುಡಿ ಕುಳಿತಿತ್ತು. ಆಮೇಲೆ ಸಮಾಲೋಚನೆಯಲ್ಲಿ ಹಾರ್ಮೋನ್ ತಜ್ಞೆ ಡಾಕ್ಟರಮ್ಮ ಹೇಳಿದ ಮೇಲೆ ತಿಳಿದದ್ದು: ಮುಂದಿನ ಅಪಾಯವನ್ನು ಹೇಳುವುದು ಮುಖ್ಯವಾಗಿ ಆ ಬೂದು ಅಂಕಿ. ಲಿವರ್‌ನಲ್ಲಿ ಕೊಬ್ಬು ಏರುತ್ತದೆ, ಇಳಿಯುತ್ತದೆ. ಕಾಯಬೇಕಾದದ್ದು ನಾರುಗಟ್ಟುವಿಕೆಯನ್ನು, ಅಂದರೆ ಲಿವರ್‌ನಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುವುದನ್ನು. ಗಟ್ಟಿತನದ ಅಂಕಿ 8ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ಬೆಳೆದ ನಾರು ಇರುವ ಸಂಭವ ತೀರಾ ಕಡಿಮೆ. ಹೊಟ್ಟೆಯ ಸ್ಕ್ಯಾನ್‌ನ ಗ್ರೇಡು ಕಣ್ಣಂದಾಜು, ಇದು ಬೇರೆ ಯಂತ್ರದ ಬೇರೆ ಮಾಪನ. ಎರಡನ್ನೂ ಒಂದೇ ಏಣಿಯ ಮೆಟ್ಟಿಲೆಂದು ಓದಬಾರದು. ನೆಮ್ಮದಿ ಕೊಡುವ ಅಂಕಿಯನ್ನು ಬೂದಾಗಿಸಿ, ಹೆದರಿಸುವ ಅಂಕಿಗೆ ಕೆಂಪು ಬಳಿದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೂ ಒಂದು ಮಾತು. ನನಗೆ ಈ ಸ್ಕ್ಯಾನ್ ಅಗತ್ಯವೇ ಇರಲಿಲ್ಲ. ನಾರುಗಟ್ಟಿದೆಯೇ ಎಂದು ಅಂದಾಜಿಸುವ ಫಿಬ್-4 ಎಂಬ ಲೆಕ್ಕವೊಂದಿದೆ. ಅದರಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎರಡೂ ರಕ್ತದಲ್ಲಿ ಅಳೆಯುವ ಲಿವರ್ ಕಿಣ್ವಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ನನ್ನ ವಯಸ್ಸು 61, ಎಎಸ್‌ಟಿ 32, ಎಎಲ್‌ಟಿ 49, ಪ್ಲೇಟ್‌ಲೆಟ್ ಎರಡೂವರೆ ಲಕ್ಷ, ಅಂದರೆ ಲೆಕ್ಕದಲ್ಲಿ 250. ಮೇಲೆ 1952, ಕೆಳಗೆ 250 ಗುಣಿಸು 7, ಅಂದರೆ 1750. ಉತ್ತರ ಸುಮಾರು 1.12. ಅದು 1.3ಕ್ಕಿಂತ ಕಡಿಮೆ ಇದ್ದರೆ ನಾರುಗಟ್ಟಿರುವ ಸಂಭವ ಕಡಿಮೆ ಎಂದರ್ಥ. 65 ದಾಟಿದವರಿಗೆ ಈ ಗಡಿ 2. 2.67 ಮೀರಿದರೆ ತಜ್ಞರ ಬಳಿ ಹೋಗಲೇಬೇಕು. ಸಾಮಾನ್ಯ ರಕ್ತಪರೀಕ್ಷೆಯ ಚೀಟಿ ಮತ್ತು ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು, ಖರ್ಚು ಸೊನ್ನೆ. ಅರವತ್ತು ಪುಟದ ಫೈಲಿನಲ್ಲಿ ಈ ಒಂದು ಭಾಗಾಕಾರ ಎಲ್ಲಿಯೂ ಇರಲಿಲ್ಲ! ಇದ್ದಿದ್ದರೆ ಸ್ಕ್ಯಾನ್ ಯಾರು ಮಾಡಿಸುತ್ತಾರೆ?

ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಬೇಕಾದದ್ದೂ ಇತ್ತು, ಬೇಡದ್ದೂ ಇತ್ತು. ರಕ್ತಕಣಗಳ ಎಣಿಕೆ, ಲಿವರ್ ಕಿಣ್ವಗಳು, ಉಪವಾಸದ ಶುಗರ್, ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟರಾಲ್, ಥೈರಾಯ್ಡ್: ಇವು ಬೇಕು. ಅದರ ಕೆಳಗೆ ಕ್ಯಾನ್ಸರ್ ಗುರುತುಗಳೆಂದು ಎರಡು ಪರೀಕ್ಷೆ. ಸಿರೋಸಿಸ್‌ನಂಥ (ನಾರುಗಟ್ಟುವಿಕೆಯ ಕೊನೆಯ ಹಂತ) ಅಪಾಯವಿಲ್ಲದ ಆರೋಗ್ಯವಂತರಲ್ಲಿ ಇವುಗಳಿಂದ ಸಿಗುವ ತಿಳಿವಳಿಕೆಗಿಂತ ಸಿಗುವ ಗಾಬರಿ ಹೆಚ್ಚು. ಅಚ್ಚರಿಯೆಂದರೆ ‘ಸಂಪೂರ್ಣ ಲಿವರ್’ ಎಂಬ ಹೆಸರಿಟ್ಟುಕೊಂಡ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೇ ಇರಲಿಲ್ಲ. ಲಿವರ್‌ನ ತೊಂದರೆ ಕಂಡಾಗ ಮೊದಲು ಪಕ್ಕಕ್ಕೆ ಸರಿಸಬೇಕಾದ ಕಾರಣಗಳು ಅವು. ಡಾಕ್ಟರಮ್ಮ ಅವುಗಳನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟರು, ಮತ್ತೆ ಹಣ ಕಟ್ಟಿದೆ.

1,200 ರೂಪಾಯಿಯ ಹಾರ್ಮೋನ್ ಸೇರ್ಪಡೆ ಈ ಪ್ಯಾಕೇಜಿನ ಅತ್ಯಂತ ಹುಸಿಯಾದ ಭಾಗ. ಅದರಲ್ಲಿ ಎಸ್ಟ್ರಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ), ಮುಟ್ಟಿಗೆ ಸಂಬಂಧಿಸಿದ ಎಫ್‌ಎಸ್‌ಎಚ್, ಬೆಳಗಿನ ಕಾರ್ಟಿಸಾಲ್ (ದೇಹ ತಾನೇ ತಯಾರಿಸುವ ಸ್ಟೀರಾಯ್ಡ್), ಉಪವಾಸದ ಇನ್ಸುಲಿನ್ ಇದ್ದವು. ನನಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಯಿತು. ಈಸ್ಟ್ರೋಜನ್ ಕಡಿಮೆ ಇದೆ ಎಂದು ತಿಳಿಯಲು ರಕ್ತ ಬೇಕೇ? ನಲವತ್ತೈದು ದಾಟಿದ ಹೆಂಗಸಿಗೆ ಬೇರೆ ಕಾರಣವಿಲ್ಲದೆ ಒಂದು ವರ್ಷ ಮುಟ್ಟಾಗದಿದ್ದರೆ ಅದೇ ಸಾಕ್ಷಿ. ಬೆಳಗಿನ ಕಾರ್ಟಿಸಾಲ್ ಒಂದರಿಂದ ಕಾರ್ಟಿಸಾಲ್ ಅತಿಯಾಗಿದೆಯೇ ಎಂದು ತೀರ್ಮಾನಿಸಲಾಗುವುದಿಲ್ಲ. ಅದಕ್ಕೆ ರಾತ್ರಿ ಮಾತ್ರೆ ಕೊಟ್ಟು ಬೆಳಿಗ್ಗೆ ಅಳೆಯುವ ಪರೀಕ್ಷೆ, ತಡರಾತ್ರಿಯ ಜೊಲ್ಲಿನ ಪರೀಕ್ಷೆ, ಇಪ್ಪತ್ನಾಲ್ಕು ಗಂಟೆಯ ಮೂತ್ರದ ಪರೀಕ್ಷೆ ಇವೆ. ಅವೂ ಲಕ್ಷಣ ಕಂಡವರಿಗೆ ಮಾತ್ರ. ಉಳಿದದ್ದು ಇನ್ಸುಲಿನ್. ನನ್ನದು 15, ಉಪವಾಸದ ಶುಗರ್ 108. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ 4. ಇದು ಇನ್ಸುಲಿನ್ ಪ್ರತಿರೋಧದ, ಅಂದರೆ ದೇಹ ಇನ್ಸುಲಿನ್ನಿನ ಮಾತು ಕೇಳದಿರುವುದರ ಒಂದು ಅಂದಾಜು, ಎರಡೂವರೆ ದಾಟಿದರೆ ಪ್ರತಿರೋಧ ಇದೆ ಎಂದು ಹಲವರು ಓದುತ್ತಾರೆ. ಲೆಕ್ಕ ನನಗೆ ಹಿಡಿಸಿತು. ಆದರೆ ಡಾಕ್ಟರಮ್ಮನಿಗೆ ಅದರ ಮೇಲೆ ಅಷ್ಟು ಮಮತೆ ಇರಲಿಲ್ಲ. ಇನ್ಸುಲಿನ್ ಅಳತೆ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಬದಲಾಗುತ್ತದೆಯಂತೆ. ಅವರು ಮೇಜಿನ ಖಾನೆಯಿಂದ ಬಟ್ಟೆ ಹೊಲಿಯುವವರ ಟೇಪು ತೆಗೆದು ನನ್ನ ಸೊಂಟ ಅಳೆದರು. 94 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ ಗಡಿ 80, ಗಂಡಸರಿಗೆ 90. ‘ನಿಮ್ಮ ಇನ್ಸುಲಿನ್ ಕಥೆ ಈ ಟೇಪಿನಲ್ಲೇ ಇದೆ ಅಮ್ಮ’ ಎಂದರು.

ಅಲ್ಲಿಂದ ಶುರುವಾಯಿತು ಆ ‘ಉಚಿತ’ ಸಮಾಲೋಚನೆ. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಹೊರಗೆ ಸರತಿ ಇತ್ತು, ಆದರೂ ಗಡಿಯಾರ ನೋಡಲಿಲ್ಲ. ಮೊದಲು ನನ್ನ ಎಣ್ಣೆಯ ತಕರಾರನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಹಾಳೆಯ ಮೇಲೆ ಮೂರು ಅಂಕಿ ಬರೆದರು: 59, 26, 15. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವೇ ರೋಗಿಗಳ ಮೇಲೆ, ಲಿವರ್‌ನಲ್ಲಿ ಸೇರಿದ ಕೊಬ್ಬು ಯಾವ ದಾರಿಯಿಂದ ಬಂತು ಎಂದು ಗುರುತು ಹಚ್ಚಿ ನೋಡಿದ್ದರಂತೆ. ನೂರರಲ್ಲಿ ಸುಮಾರು 59 ಪಾಲು ದೇಹದ ಕೊಬ್ಬಿನ ಕೋಶಗಳಿಂದ ಕರಗಿ ರಕ್ತದಲ್ಲಿ ತೇಲಿ ಬಂದದ್ದು. 26 ಪಾಲು ಲಿವರ್ ತಾನೇ ಸಕ್ಕರೆ, ಪಿಷ್ಟಗಳಿಂದ ತಯಾರಿಸಿದ್ದು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಕೇವಲ 15. ನನ್ನ ಎಣ್ಣೆಯ ಲೆಕ್ಕದ ಪುಸ್ತಕ ಖುಲಾಸೆಯಾಯಿತು.

ಮೊದಲ ಎರಡು ದಾರಿಗಳ ಬಾಗಿಲು ಕಾಯುವುದು ಇನ್ಸುಲಿನ್. ಅದಕ್ಕೆ ಶುಗರ್ ಇಳಿಸುವುದೊಂದೇ ಕೆಲಸವೆಂದು ನಾನು ತಿಳಿದಿದ್ದೆ. ಹಾಗಲ್ಲ. ಕೊಬ್ಬಿನ ಕೋಶಗಳಿಗೆ ‘ನಿಮ್ಮಲ್ಲಿರುವುದನ್ನು ಹಿಡಿದಿಟ್ಟುಕೊಳ್ಳಿ, ಹೊರಗೆ ಬಿಡಬೇಡಿ’ ಎನ್ನುವುದೂ ಅದೇ. ಲಿವರ್‌ಗೆ ಅದು ಎರಡು ಆದೇಶ ಕೊಡುತ್ತದೆ: ಒಂದು, ರಕ್ತಕ್ಕೆ ಸಕ್ಕರೆ ಬಿಡುವುದನ್ನು ನಿಲ್ಲಿಸು. ಎರಡು, ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿ ಮಾಡಿ ಇಡು. ಪ್ರತಿರೋಧ ಬೆಳೆದಾಗ ಲಿವರ್ ಮೊದಲ ಆದೇಶಕ್ಕೆ ಕಿವುಡಾಗುತ್ತದೆ, ಎರಡನೆಯದನ್ನು ಮಾತ್ರ ನಿಷ್ಠೆಯಿಂದ ಪಾಲಿಸುತ್ತದೆ. ಸಕ್ಕರೆ ಇಳಿಯಲಿಲ್ಲವೆಂದು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸುರಿಸಿದಷ್ಟೂ ಕೊಬ್ಬಿನ ತಯಾರಿ ಹೆಚ್ಚುತ್ತದೆ. ನಮ್ಮ ಕಚೇರಿಯಲ್ಲೂ ಇಂಥ ಒಬ್ಬ ಗುಮಾಸ್ತರಿದ್ದರು. ‘ಖರ್ಚು ತಡೆಹಿಡಿಯಿರಿ’ ಎಂಬ ಸುತ್ತೋಲೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ‘ಹೊಸ ಕಡತ ತೆರೆಯಿರಿ’ ಎಂಬುದು ಬಂದರೆ ಸಂಜೆಯೊಳಗೆ ಮೂರು ಕಡತ ತಯಾರು. ಇತ್ತ ಕೊಬ್ಬಿನ ಕೋಶಗಳೂ ಮಾತು ಕೇಳದೆ ದಿನವಿಡೀ ಕೊಬ್ಬನ್ನು ರಕ್ತಕ್ಕೆ ಸೋರಿಸುತ್ತಿರುತ್ತವೆ. ಆ 59 ಪಾಲು ಬಂದದ್ದು ಹೀಗೆ.

‘ಹಾಗಾದರೆ ಐವತ್ತರವರೆಗೆ ನನಗೇಕೆ ಈ ತೊಂದರೆ ಇರಲಿಲ್ಲ?’ ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆಯೇ ಅದು ಎಂಬಂತೆ ಅವರು ಮುಂದಕ್ಕೆ ಬಾಗಿದರು. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹೆಂಗಸರ ಕೊಬ್ಬನ್ನು ತೊಡೆ, ಪಿರ್ರೆಯ ಕಡೆಗೆ ಕಳಿಸುತ್ತದೆ. ನೋಡುವವರು ಆಡಿಕೊಳ್ಳಬಹುದು, ಲಿವರ್‌ಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಲಿವರ್‌ನೊಳಗೂ ಅದು ಕೊಬ್ಬಿನ ತಯಾರಿಯನ್ನು ತಗ್ಗಿಸಿ, ಉರಿಸುವುದನ್ನು ಹೆಚ್ಚಿಸುತ್ತದೆ. ಅದು ಕುಸಿದ ಮೇಲೆ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರತೊಡಗುತ್ತದೆ. ಅಲ್ಲಿನ ರಕ್ತ ಸೀದಾ ಲಿವರ್‌ಗೇ ಹೋಗುತ್ತದೆ, ಬೇರೆಲ್ಲೂ ಸುತ್ತುವುದಿಲ್ಲ. ಯೌವನದಲ್ಲಿ ಲಿವರ್ ಕೊಬ್ಬು ಗಂಡಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ನಾವು ಅವರ ಹತ್ತಿರಕ್ಕೆ ಬಂದು ನಿಲ್ಲುತ್ತೇವೆ. ಈ ಸಮಾನತೆ ಯಾರಿಗೆ ಬೇಕಿತ್ತು! ಹಾಗೆಂದು ಲಿವರ್ ಕೊಬ್ಬಿಗಾಗಿ ಈಸ್ಟ್ರೋಜನ್ ಮಾತ್ರೆ ಕೊಡುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ನೋಡಿ, 1,200 ರೂಪಾಯಿಯ ಎಸ್ಟ್ರಡಯಾಲ್ ಅಂಕಿ ಹೇಳದ್ದನ್ನು ಇಷ್ಟು ಮಾತು ಹೇಳಿತು.

ಥೈರಾಯ್ಡ್ ವಿಷಯದಲ್ಲಿ ಮಾತ್ರ ರಕ್ತದ ಅಂಕಿಗೆ ಬೆಲೆ ಇತ್ತು. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ ನನ್ನಲ್ಲಿ 7.8, ಅಂದರೆ ಹೆಚ್ಚು, ಥೈರಾಯ್ಡ್ ಹಾರ್ಮೋನಾದ ಟಿ4 ಸರಿಯಾಗಿತ್ತು. ಥೈರಾಯ್ಡ್ ಹಾರ್ಮೋನು ಲಿವರ್‌ಗೆ ಕೊಬ್ಬನ್ನು ಉರಿಸಲು ಹೇಳುತ್ತದೆ. ಅದು ಮಂದವಾದರೆ ಉರಿ ತಗ್ಗುತ್ತದೆ, ಕೊಲೆಸ್ಟರಾಲೂ ಏರುತ್ತದೆ. ಕೂಡಲೇ ಮಾತ್ರೆ ಬರೆಯದೆ ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ನೋಡೋಣ ಎಂದದ್ದು ನನಗೆ ಮೆಚ್ಚಿಗೆಯಾಯಿತು. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ ಎಂದೂ ಕೇಳಿದರು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ತಪ್ಪಾಗಿ ತೋರಿಸಬಲ್ಲದು. ರಕ್ತ ತೆಗೆಯುವ ಮುನ್ನ ಕೌಂಟರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು. ಅಲ್ಲಿ ಕೇಳಿದ್ದು ‘ಕಾರ್ಡೋ, ಕ್ಯಾಶೋ?’ ಎಂದಷ್ಟೇ.

ಇದೇ ಹಾರ್ಮೋನಿನ ಜಾಡು ಹಿಡಿದು ಔಷಧಿಯೂ ಬಂದಿದೆ. ಲಿವರ್‌ನಲ್ಲಿರುವ ಥೈರಾಯ್ಡ್ ಗ್ರಾಹಕವನ್ನಷ್ಟೇ ಎಬ್ಬಿಸುವ ರೆಸ್ಮೆಟಿರಾಮ್ ಎಂಬ ಮಾತ್ರೆಗೆ 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ನಾರುಗಟ್ಟುವಿಕೆ ನಡುಮಟ್ಟ ಮುಟ್ಟಿದ, ಆದರೆ ಸಿರೋಸಿಸ್ ಆಗದಿರುವವರಿಗೆ. ‘ಹಾಗೆಂದು ಥೈರಾಯ್ಡ್ ಮಾತ್ರೆಯನ್ನು ತೂಕ ಇಳಿಸಲು ನುಂಗಬೇಡಿ, ಮೂಳೆಗೂ ಹೃದಯಕ್ಕೂ ಪೆಟ್ಟು’ ಎಂದು ಸೇರಿಸಿದರು. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳಿದೆ, ಯಾಕೆಂದರೆ ಅದು 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ. ಅದೂ ಕರುಳಿನ ಒಂದು ಹಾರ್ಮೋನನ್ನು ಅನುಕರಿಸಿ ಮಾಡಿದ ಔಷಧಿ. ಆ ಗುಂಪಿನ ಸೆಮಾಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಉರಿಯೂತ ಮತ್ತು ನಾರು ಸೇರಿದ ಲಿವರ್‌ಗೂ ಒಪ್ಪಿಗೆ ದೊರೆತಿದೆ. ‘5.6 ಇರುವ ನಿಮಗೆ ಅದರ ಮಾತು ಈಗ ಬೇಡ’ ಎಂದು ಆ ವಿಷಯವನ್ನು ಅಲ್ಲಿಗೇ ಮುಚ್ಚಿದರು.

ಜೊತೆಗೆ ಬಂದಿದ್ದ ನಮ್ಮ ಯಜಮಾನರು ಕಡ್ಡಿಯಂಥ ಮನುಷ್ಯ. ‘ನನಗೇನೂ ಭಯವಿಲ್ಲ ಬಿಡಿ’ ಎಂದು ನಕ್ಕರು. ಅವರಿಗೂ ಒಂದು ಪಾಠವಾಯಿತು. ಚರ್ಮದ ಕೆಳಗೆ ಕೊಬ್ಬೇ ಬೆಳೆಯದ ಒಂದು ಅಪರೂಪದ ಕಾಯಿಲೆ ಇದೆಯಂತೆ. ಅಂಥವರ ಲಿವರ್ ಕೊಬ್ಬಿನಿಂದ ತುಂಬಿಹೋಗಿರುತ್ತದೆ. ಕೊಬ್ಬಿನ ಕೋಶಗಳು ಬರೀ ಉಗ್ರಾಣವಲ್ಲ, ಅವೂ ಒಂದು ಗ್ರಂಥಿ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಅಲ್ಲಿಂದಲೇ ಹುಟ್ಟುವ ಹಾರ್ಮೋನು. ಅದಿಲ್ಲದ ಆ ರೋಗಿಗಳಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಲಿವರ್‌ನ ಕೊಬ್ಬು ಇಳಿಯುತ್ತದೆ. 2014ರಿಂದ ಅಮೆರಿಕದಲ್ಲಿ ಅದು ಒಪ್ಪಿತ ಚಿಕಿತ್ಸೆ. ಸೇರಬೇಕಾದ ಕಡೆ ಜಾಗವಿಲ್ಲದಿದ್ದರೆ ಕೊಬ್ಬು ಸೇರಬಾರದ ಕಡೆ ಸೇರುತ್ತದೆ. ಭಾರತದಲ್ಲಿ ತೆಳ್ಳಗಿರುವವರಲ್ಲೂ ಲಿವರ್ ಕೊಬ್ಬು ಕಾಣುತ್ತದೆ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಕಡಿಮೆಯಾದರೂ ಹೊಟ್ಟೆ ಬಂದು ಇದೇ ದಾರಿ ಹಿಡಿಯುತ್ತದೆ ಎಂದಾಗ ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ನನ್ನ ಅಣ್ಣನ ಮಗಳ ವಿಷಯವನ್ನೂ ಎತ್ತಿದೆ. ಬೆಂಗಳೂರಿನಲ್ಲಿ ಕೆಲಸ, ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಎಂದು ಹೇಳಿದ್ದಾರೆ. ಎಲ್ಲರೂ ಅವಳ ಅಂಡಾಶಯವನ್ನೇ ಸ್ಕ್ಯಾನ್ ಮಾಡುತ್ತಾರೆ, ಲಿವರ್ ಕಡೆಗೆ ಯಾರೂ ನೋಡಿಲ್ಲ. ಅಲ್ಲಿಯೂ ಸೂತ್ರಧಾರ ಇನ್ಸುಲಿನ್ನೇ. ಅದು ಹೆಚ್ಚಾದಾಗ ಅಂಡಾಶಯ ಗಂಡು ಹಾರ್ಮೋನುಗಳನ್ನು ಹೆಚ್ಚು ತಯಾರಿಸುತ್ತದೆ, ಅವು ಹೊಟ್ಟೆಯ ಕೊಬ್ಬನ್ನು ಬೆಳೆಸುತ್ತವೆ, ಆ ಕೊಬ್ಬು ಪ್ರತಿರೋಧವನ್ನು ಇನ್ನಷ್ಟು ಏರಿಸುತ್ತದೆ. ಗಂಡಸರಲ್ಲಿ ಕಡಿಮೆಯಾದರೆ ತೊಂದರೆ ಕೊಡುವ ಹಾರ್ಮೋನು ಹೆಂಗಸರಲ್ಲಿ ಹೆಚ್ಚಾದರೆ ತೊಂದರೆ. ಹಾಗಾಗಿ ಪಿಸಿಓಎಸ್ ಇರುವ ಹುಡುಗಿಯರು ಇಪ್ಪತ್ತು ಮೂವತ್ತರಲ್ಲೇ ಲಿವರ್ ಕಿಣ್ವ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು ಎಂದರು.

ಕಾರ್ಟಿಸಾಲ್ ಬಗ್ಗೆ ಅವರು ಪರೀಕ್ಷೆಯ ಅಂಕಿಯನ್ನು ನೋಡಲೇ ಇಲ್ಲ. ‘ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೀರಾ? ಮಂಡಿನೋವಿಗೆ ಯಾರಾದರೂ ಪುಡಿ ಕೊಟ್ಟಿದ್ದಾರಾ?’ ಎಂದು ಕೇಳಿದರು. ಹೆಸರು, ಪಟ್ಟಿ ಏನೂ ಇಲ್ಲದ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ನೋವು ಮಾಯವಾಗುತ್ತದೆ, ಮುಖ ಊದುತ್ತದೆ, ಶುಗರ್ ಏರುತ್ತದೆ, ಲಿವರ್‌ಗೆ ಕೊಬ್ಬು ಸೇರುತ್ತದೆ. ಸ್ತನ ಕ್ಯಾನ್ಸರ್‌ಗೆ ಈಸ್ಟ್ರೋಜನ್ ತಡೆಯಲು ಕೊಡುವ ಟಮಾಕ್ಸಿಫೆನ್ ಕೂಡ ಕೆಲವರಲ್ಲಿ ಲಿವರ್ ಕೊಬ್ಬು ಏರಿಸುತ್ತದೆ. ಹಾಗೆಂದು ಅದನ್ನು ತಾವಾಗಿ ಬಿಡುವುದು ಘೋರ ತಪ್ಪು, ನಿಗಾ ಇಟ್ಟರೆ ಸಾಕು. ಈ ಕೊನೆಯ ಮಾತನ್ನು ನನ್ನ ವಾರಗಿತ್ತಿಗೆ ತಪ್ಪದೆ ತಿಳಿಸಿದೆ.

ಪರಿಹಾರ ಕೇಳಿದಾಗ ಬಂದ ಉತ್ತರ ಹೊಸದೇನಲ್ಲ, ಆದರೆ ಅಂಕಿ ಸಮೇತ ಬಂತು. ತೂಕದ ನೂರಕ್ಕೆ 5 ಪಾಲು ಇಳಿದರೆ ಲಿವರ್‌ನ ಕೊಬ್ಬು ಇಳಿಯತೊಡಗುತ್ತದೆ, 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ನನ್ನ 68 ಕಿಲೋಗೆ ಐದರಿಂದ ಏಳು ಕಿಲೋ. ಊಟವಾದ ಮೇಲೆ ನಡೆಯಿರಿ, ಕೆಲಸ ಮಾಡುವ ಸ್ನಾಯು ಇನ್ಸುಲಿನ್ನನ್ನು ಅಷ್ಟಾಗಿ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಬರೀ ನಡಿಗೆ ಸಾಲದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸವೂ ಬೇಕು. ಕಾಫಿ ಬಿಡಬೇಕೇ ಎಂದು ಅಂಜುತ್ತಲೇ ಕೇಳಿದೆ. ಕಾಫಿ ಕುಡಿಯುವವರಲ್ಲಿ ಲಿವರ್ ನಾರುಗಟ್ಟುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ, ಸಕ್ಕರೆ ಬಿಟ್ಟು ಕುಡಿಯಿರಿ ಎಂದರು. ಚಿಕ್ಕಮಗಳೂರಿನ ಪುಡಿ ತರಿಸುವ ನಮ್ಮ ಮನೆಗೆ ಇದಕ್ಕಿಂತ ಸಿಹಿಸುದ್ದಿ ಬೇಕೇ?

ಮಹಡಿ ಇಳಿದು ಪಕ್ಕದ ಕೋಣೆಗೆ ಹೋದರೆ ಬೇರೆಯದೇ ಲೋಕ. ಆಹಾರ ಸಲಹೆಯ ಹಾಳೆಯನ್ನು ಮೊದಲೇ ಅಚ್ಚು ಹಾಕಿಸಿಟ್ಟಿದ್ದರು. ಆವಕಾಡೊ, ಕ್ವಿನೋವಾ, ಬಾದಾಮಿ ಹಾಲು, ಬ್ರೊಕೋಲಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಬೆಣ್ಣೆ ದೋಸೆಯ ಊರಿನಲ್ಲಿ ಕುಳಿತು ಬರೆದ ಹಾಳೆಯಲ್ಲಿ ಮಂಡಕ್ಕಿಯ ಹೆಸರೇ ಇಲ್ಲ! ಸಂಜೆ ಒಂದು ಪೇಪರ್ ತುಂಬ ಖಾರ ಮಂಡಕ್ಕಿ ತಿಂದರೆ ಅದು ಪಿಷ್ಟವೇ ಎಂದು ಯಾರಾದರೂ ಹೇಳಬೇಡವೇ? ಜೋಳದ ರೊಟ್ಟಿ ಎಷ್ಟು, ಮೊಳಕೆ ಕಟ್ಟಿದ ಹೆಸರುಕಾಳು ಎಷ್ಟು, ಶೇಂಗಾ ಚಟ್ನಿ ಇರಬಹುದೇ ಎಂದು ಕೇಳಿದ್ದಕ್ಕೆ ಆ ಹುಡುಗಿ ಹಾಳೆಯನ್ನೇ ಮತ್ತೊಮ್ಮೆ ಓದಿದಳು. ಈ ವಿಭಾಗಕ್ಕೆ ಸೊನ್ನೆ.

ಕೊನೆಗೆ ಔಷಧಿ ಕೌಂಟರ್. ಕೇಳದೆಯೇ ಒಂದು ಡಬ್ಬಿ ಮುಂದಿಟ್ಟರು: ‘ಲಿವರ್ ಡಿಟಾಕ್ಸ್ ಪುಡಿ, ತಿಂಗಳಿಗೆ 1,450, ಪ್ಯಾಕೇಜಿನವರಿಗೆ ರಿಯಾಯಿತಿ’. ಕನ್ನಡಕ ಹಾಕಿಕೊಂಡು ಹಿಂಬದಿಯ ಪಟ್ಟಿ ಓದಿದೆ. ಅಮೃತಬಳ್ಳಿ, ಗ್ರೀನ್ ಟೀ ಸಾರ, ಮೆಣಸಿನ ಸಾರ ಬೆರೆಸಿದ ಅರಿಶಿನದ ಸಾರ. ಅಡುಗೆಯ ಅರಿಶಿನದ ಮಾತಲ್ಲ ಇದು, ಸಾರ ತೆಗೆದು ಗಟ್ಟಿ ಮಾಡಿದ್ದು. ಈ ಮೂರರಿಂದಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಕೊಂಡವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಮೇಲಿನ ಮಹಡಿಯಲ್ಲಿ ‘ಯಾವ ಪುಡಿಯನ್ನೂ ತೆಗೆದುಕೊಳ್ಳಬೇಡಿ’ ಎಂದ ವೈದ್ಯೆ, ಕೆಳಗಿನ ಮಹಡಿಯಲ್ಲಿ ಅದೇ ಪುಡಿ, ಎರಡಕ್ಕೂ ಒಂದೇ ರಸೀದಿ ಪುಸ್ತಕ. ಮೇಲಿನವರಿಗೆ ಇದು ಗೊತ್ತೇ ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ಡಬ್ಬಿಯನ್ನು ಮೆಲ್ಲಗೆ ಒಳಗಿಟ್ಟರು.

ಹಾಗಾದರೆ ನೀವು ಏನು ಮಾಡಬೇಕು? ಪ್ಯಾಕೇಜು ಬಿಡಿ. ನಿಮಗೆ ನಂಬಿಕೆಯಿರುವ ಲ್ಯಾಬಿನಲ್ಲಿ ಮೇಲೆ ಹೇಳಿದ ಆರು ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಮಾಡಿಸಿ. ಫಿಬ್-4 ಲೆಕ್ಕ ಹಾಕಿ. ಟೇಪು ತೆಗೆದುಕೊಂಡು ಸೊಂಟ ಅಳೆಯಿರಿ. ಲೆಕ್ಕ ಗಡಿ ದಾಟಿದ್ದರೆ, ಅಥವಾ ಶುಗರ್ ಕಾಯಿಲೆ ಇದ್ದು ವೈದ್ಯರು ಬೇಕೆಂದರೆ ಫೈಬ್ರೋಸ್ಕ್ಯಾನ್ ಮಾಡಿಸಿ. ಹಣದ ತೊಂದರೆ ಇರುವವರು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲೇ ಲಿವರ್ ಕೊಬ್ಬನ್ನು ಶುಗರ್, ಬಿಪಿ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಉಳಿದ ಹಣದಲ್ಲಿ ಹಾರ್ಮೋನ್ ವೈದ್ಯರೊಬ್ಬರ ಎದುರು ನಿಮ್ಮ ಮುಟ್ಟಿನ ಕಥೆ, ಮಾತ್ರೆಗಳ ಕಥೆ, ಸೊಂಟದ ಕಥೆ ಎಲ್ಲವನ್ನೂ ಬಿಚ್ಚಿ ಹೇಳಿ.

ಅಂಕ ಕೊಡಲೇಬೇಕೆಂದರೆ: ರಕ್ತ ತೆಗೆದ ಕೈಗೆ ಐದಕ್ಕೆ ನಾಲ್ಕು, ಸ್ಕ್ಯಾನ್ ಮಾಡಿದ ಹುಡುಗನಿಗೆ ಐದು, ವರದಿಯ ಫೈಲಿಗೆ ಒಂದು, ಆಹಾರದ ಹಾಳೆಗೂ ಪುಡಿಗೂ ಸೊನ್ನೆ, ಡಾಕ್ಟರಮ್ಮನಿಗೆ ಐದು. ಈಗ ಕೇಂದ್ರದವರು ‘ವಾರ್ಷಿಕ ನವೀಕರಣ’ಕ್ಕೆಂದು ಫೋನ್ ಮಾಡುತ್ತಿದ್ದಾರೆ. ಪ್ಯಾಕೇಜಿಲ್ಲದೆ ಡಾಕ್ಟರಮ್ಮನನ್ನು ನೋಡಲು ಎಷ್ಟಾಗುತ್ತದೆ ಎಂದು ಕೇಳಿದೆ. ಸ್ವಲ್ಪ ತಡವರಿಸಿ ಆರುನೂರು ಎಂದರು, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಸಿಗುತ್ತಾರಂತೆ. ಅಣ್ಣನ ಮಗಳು ಹಬ್ಬಕ್ಕೆ ಊರಿಗೆ ಬಂದಾಗಿನ ಶುಕ್ರವಾರಕ್ಕೆ ಹೆಸರು ಬರೆಸಿದ್ದೇನೆ.